ನಿಕಾನ್ ಝಡ್ 24-120 ಎಫ್/4, 40 ಎಫ್/2, 85 ಎಫ್/1.8: ಮೂರು ವರ್ಷದ ಬಳಕೆಯ ನಂತರ

ಫುಲ್‌ಫ್ರೇಮ್ (35 ಎಂಎಂ ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್‌ನ) ನಿಕಾನ್ ಝಡ್ ಕ್ಯಾಮೆರಾಗೆ ಈ ಮೂರೇ ಲೆನ್ಸ್ ಇಟ್ಟುಕೊಂಡು ಮೂರು ವರ್ಷ ಕೆಲಸ ಮಾಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಹೆಸರಿನ 24-120, 40, 85 ಎಂಬುವು ಎಂಎಂ ಲೆಕ್ಕದ ಫೋಕಲ್ ಲೆಂತ್; ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಬರುವ ಬೆಳಕು ಹೆಚ್ಚು. ತೂಕ ಕ್ರಮವಾಗಿ 630, 170 ಮತ್ತು 470 ಗ್ರಾಂ, ಒಟ್ಟು 1270. ಇದೇ ಮೌಂಟಿನ (ಲೆನ್ಸ್ ಕ್ಯಾಮೆರಾಗೆ ಕೂರುವ ಬಳೆ) ಎಫ್/2.8 ಝೂಮ್‌ಗಳಾದ 14-24, 2019ರ 24-70 ಮತ್ತು ಟ್ರೈಪಾಡ್ ಕಾಲರ್ ಸಹಿತ 70-200 ಕೂಡಿಸಿದರೆ 2895 ಗ್ರಾಂ ಆಗುತ್ತದೆ. ಒಂದೂವರೆ ಕಿಲೋಗೂ ಮೀರಿದ ಈ ಅಂತರ ದಿನವಿಡೀ ಹೆಗಲ ಮೇಲಿರುತ್ತದೆ. ಬದಲಿಗೆ ಸಿಗುವುದು ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಮತ್ತು ಎರಡೂ ತುದಿಯಲ್ಲಿ ಇನ್ನಷ್ಟು ಫೋಕಲ್ ಲೆಂತ್. ಕ್ರೀಡೆ, ವೇದಿಕೆ ಕಾರ್ಯಕ್ರಮಗಳಿಂದಲೇ ಹೊಟ್ಟೆಪಾಡು ನಡೆಸುವವರಿಗೆ ಅದು ಬೇಕೇ ಬೇಕು. ಉಳಿದವರು ಒಂದು ವಿಷಯ ಬೇರ್ಪಡಿಸಿ ನೋಡಬೇಕು: ಬೀರುವಿನಲ್ಲಿ ಇರುವ ಲೆನ್ಸ್ ಬೇರೆ, ಬ್ಯಾಗಿನಲ್ಲಿ ಹೊರುವ ಲೆನ್ಸ್ ಬೇರೆ. ನನ್ನ ಬ್ಯಾಗಿನಲ್ಲಿ ಸಾಮಾನ್ಯವಾಗಿ 24-120 ಇರುತ್ತದೆ, ಜೊತೆಗೆ 40 ಅಥವಾ 85, ಎರಡರಲ್ಲಿ ಒಂದು ಮಾತ್ರ.

ಕೊಳ್ಳುವ ಮೊದಲು ನಿಮ್ಮ ಹಳೆಯ ಫೋಟೋಗಳನ್ನು ಫೋಕಲ್ ಲೆಂತ್ ಪ್ರಕಾರ ವಿಂಗಡಿಸಿ ನೋಡಿ. ಲೈಟ್‌ರೂಮ್‌ನ ಮೆಟಾಡೇಟಾ ಫಿಲ್ಟರ್‌ನಲ್ಲಿ ಇದು ಒಂದು ನಿಮಿಷದ ಕೆಲಸ. ತೆಗೆದ ಎಲ್ಲವನ್ನೂ ಎಣಿಸಬೇಡಿ, ಆರಿಸಿ ಉಳಿಸಿಕೊಂಡವನ್ನು ಮಾತ್ರ ಎಣಿಸಿ. ಇಲ್ಲೊಂದು ಮೋಸವಿದೆ. ಝೂಮ್‌ನ ಎರಡು ತುದಿಗಳಲ್ಲಿ ಯಾವಾಗಲೂ ಚಿತ್ರಗಳು ಗುಂಪಾಗಿರುತ್ತವೆ, ಏಕೆಂದರೆ ರಿಂಗ್ ಅಲ್ಲಿಗೆ ಬಂದು ನಿಲ್ಲುತ್ತದೆ. 70ರಲ್ಲಿ ನೂರಾರು ಚಿತ್ರಗಳಿದ್ದು ಅವುಗಳಲ್ಲಿ ಬಹುಪಾಲು ಆಮೇಲೆ ಕ್ರಾಪ್ ಆಗಿದ್ದರೆ, ನಿಮಗೆ 70 ಇಷ್ಟ ಎಂದಲ್ಲ, 70 ಸಾಲುತ್ತಿಲ್ಲ ಎಂದರ್ಥ. 24-70ರಿಂದ 24-120ಕ್ಕೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

24-120ರ ದೊಡ್ಡ ಗುಣ ನನ್ನ ಪ್ರಕಾರ ಝೂಮ್ ವ್ಯಾಪ್ತಿಯೂ ಅಲ್ಲ, ಹತ್ತಿರದ ಫೋಕಸ್. ಎಲ್ಲ ಫೋಕಲ್ ಲೆಂತ್‌ನಲ್ಲೂ ಕನಿಷ್ಠ ದೂರ 0.35 ಮೀಟರ್, 120ರಲ್ಲಿ ವರ್ಧನೆ 0.39 ಪಟ್ಟು. ಲೆಕ್ಕ ಹಾಕಿದರೆ ಸುಮಾರು 92 ಎಂಎಂ ಅಗಲದ ವಸ್ತು ಫ್ರೇಮ್ ತುಂಬುತ್ತದೆ. ಹೂವು, ಕೈಕೆಲಸದ ವಿವರ, ದಾಖಲೆ ಪತ್ರ, ಊಟದ ತಟ್ಟೆ ಇವಕ್ಕೆಲ್ಲ ಬೇರೆ ಮ್ಯಾಕ್ರೋ ಬೇಕಿಲ್ಲ. ಈ ದೂರವನ್ನು ಸೆನ್ಸರ್‌ನಿಂದ ಅಳೆಯುತ್ತಾರೆ ಎಂಬುದು ನೆನಪಿರಲಿ. 120ಕ್ಕೆ ಚಾಚಿಕೊಂಡಾಗ ಲೆನ್ಸಿನ ಮುಂಭಾಗ ವಸ್ತುವಿಗೆ ಬಹಳ ಹತ್ತಿರ ಹೋಗಿ ಹುಡ್‌ನ (ಅಡ್ಡ ಬೆಳಕು ತಡೆಯುವ ಮುಂದಿನ ಕವಚ) ನೆರಳು ಬೀಳುತ್ತದೆ. ಆಗ ಹುಡ್ ತೆಗೆದು, ಬೆಳಕು ಪಕ್ಕದಿಂದ ಬರುವಂತೆ ನಿಲ್ಲಬೇಕು.

ಇಡೀ ವ್ಯಾಪ್ತಿಯಲ್ಲಿ ಎಫ್/4 ಸ್ಥಿರ. ಮ್ಯಾನ್ಯುಯಲ್ ಮೋಡ್‌ನಲ್ಲಿ ಝೂಮ್ ಮಾಡಿದಾಗ ಎಕ್ಸ್‌ಪೋಶರ್ ಕದಲುವುದಿಲ್ಲ. ವಿಡಿಯೋ ಮಾಡುವವರಿಗೆ ಇದರ ಬೆಲೆ ಗೊತ್ತು. ಮೂಲೆಗಳು ಎಫ್/4ರಲ್ಲೇ ಬಳಸುವಷ್ಟು ಚೂಪು, ಎಫ್/5.6ಕ್ಕೆ ಇಳಿಸಿದರೆ ದೊಡ್ಡ ಪ್ರಿಂಟ್‌ಗೂ ಚಿಂತೆಯಿಲ್ಲ. ಎಫ್/16ರಲ್ಲಿ ಬೆಳಕಿನ ಕಂಡಿಯ ಒಂಬತ್ತು ಬ್ಲೇಡ್‌ಗಳಿಂದ 18 ಕಿರಣಗಳ ಸೂರ್ಯ ಸಿಗುತ್ತಾನೆ, ಆದರೆ ಡಿಫ್ರಾಕ್ಷನ್‌ನಿಂದ (ಚಿಕ್ಕ ಕಂಡಿಯಲ್ಲಿ ಬೆಳಕು ಹರಡುವುದು) ಸೂಕ್ಷ್ಮ ವಿವರ ಮೆದುವಾಗುತ್ತದೆ. ಕಿರಣ ಬೇಕಾದ ಚಿತ್ರಕ್ಕೆ ಮಾತ್ರ ಅಷ್ಟು ಮುಚ್ಚಿ.

ಕೊರತೆಗಳೂ ಇವೆ. ಲೆನ್ಸ್‌ನಲ್ಲಿ ವಿಆರ್ (ಕೈನಡುಕ ತಡೆಯುವ ಸ್ಥಿರೀಕರಣ) ಇಲ್ಲ. ಝಡ್ 5, 6, 7, 8, 9ರಂತಹ ಬಾಡಿಗಳಲ್ಲಿ ಸೆನ್ಸರ್ ಸ್ಥಿರೀಕರಣ ಇರುವುದರಿಂದ ತೊಂದರೆಯಿಲ್ಲ, ಆದರೆ ಚಿಕ್ಕ ಸೆನ್ಸರ್‌ನ ಡಿಎಕ್ಸ್ ಬಾಡಿಗಳಾದ ಝಡ್ 30, ಝಡ್ 50, ಝಡ್ ಎಫ್‌ಸಿಗಳಲ್ಲಿ ಅದಿಲ್ಲ. ಅಲ್ಲಿ ಇದು 36-180ರ ನೋಟ ಕೊಡುತ್ತದೆ, ಅಗಲವೂ ಹೋಯಿತು, ಕೈನಡುಕಕ್ಕೆ ರಕ್ಷಣೆಯೂ ಇಲ್ಲ. ಡಿಎಕ್ಸ್ ಬಾಡಿ ಇರುವವರು ಇದನ್ನು ಕೊಳ್ಳಬೇಡಿ. 135 ಗ್ರಾಂನ 16-50 ವಿಆರ್ ನಿಮ್ಮ ಕೆಲಸ ಚೆನ್ನಾಗಿ ಮಾಡುತ್ತದೆ.

ಇನ್ನು ಮುಖ್ಯ ಮಿತಿ ಎಂದರೆ ಒಳಾಂಗಣದ ಬೆಳಕು. ಸ್ಥಿರೀಕರಣ ನಿಮ್ಮ ಕೈನಡುಕ ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. ಮಾತಾಡುತ್ತಿರುವವರಿಗೆ ಕನಿಷ್ಠ 1/125 ಸೆಕೆಂಡಿನ ಶಟರ್ ವೇಗ, ಓಡುವ ಮಕ್ಕಳಿಗೆ 1/500 ಬೇಕು. ಎಫ್/4, 1/125ಕ್ಕೆ ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ; ಹೆಚ್ಚಿದಷ್ಟೂ ಚಿತ್ರ ಕಾಳುಕಾಳು) 6400 ಕೇಳುವ ಕೋಣೆಯಲ್ಲಿ 40 ಎಂಎಂ ಎಫ್/2ಗೆ 1600 ಸಾಕು. ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು, 170 ಗ್ರಾಂನಲ್ಲಿ. ಇಷ್ಟು ಕಡಿಮೆ ತೂಕಕ್ಕೆ ಇಷ್ಟು ಲಾಭ ಕೊಡುವ ಲೆನ್ಸ್ ಈ ಮೌಂಟ್‌ನಲ್ಲಿ ಅಪರೂಪ. ಮೌಂಟ್ ಪ್ಲಾಸ್ಟಿಕ್‌ನದು ಎಂದು ಹಲವರು ಹಿಂಜರಿಯುತ್ತಾರೆ; ಇಷ್ಟು ಹಗುರದ ಲೆನ್ಸ್‌ಗೆ ಅದು ಧಾರಾಳ. ನಿಜವಾದ ದೌರ್ಬಲ್ಯ ಬೇರೆ. 0.29 ಮೀಟರ್‌ನ ಕನಿಷ್ಠ ದೂರದಲ್ಲಿ ಎಫ್/2 ಇಟ್ಟರೆ ಚಿತ್ರ ಮಬ್ಬಾಗಿ, ಹೊಳೆಯುವ ಅಂಚುಗಳ ಸುತ್ತ ಪೊರೆ ಬಂದಂತೆ ಕಾಣುತ್ತದೆ. ಎಫ್/2.8ಕ್ಕೆ ಇಳಿಸಿದರೆ ಹೆಚ್ಚಿನದು ಮಾಯ. ಹುಡ್ ಜೊತೆಗೆ ಬರುವುದಿಲ್ಲ, ಎದುರು ಬೆಳಕಿದ್ದರೆ ಅಂಗೈಯನ್ನೇ ಅಡ್ಡ ಹಿಡಿಯಬೇಕು.

85 ಬರುವುದು ಭಾವಚಿತ್ರದ ದಿನ ಮಾತ್ರ. ಹಿನ್ನೆಲೆ ಎಷ್ಟು ಕರಗುತ್ತದೆ ಎಂದು ತಿಳಿಯಲು ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಮುಖ ಫ್ರೇಮ್‌ನಲ್ಲಿ ಅಷ್ಟೇ ದೊಡ್ಡದಾಗಿ ಇರುವಂತೆ ತೆಗೆದಾಗ, ಬಹುದೂರದ ಹಿನ್ನೆಲೆಯ ಮಸುಕು ಈ ಸಂಖ್ಯೆಯನ್ನೇ ಅನುಸರಿಸುತ್ತದೆ. 85/1.8ಕ್ಕೆ 47, 120/4ಕ್ಕೆ 30, 40/2ಕ್ಕೆ 20, 200/2.8ಕ್ಕೆ 71. ಹೀಗಾಗಿ ಹೊರಾಂಗಣದಲ್ಲಿ, ಹಿನ್ನೆಲೆ ದೂರವಿದ್ದರೆ, 24-120ರ ಉದ್ದದ ತುದಿ 40 ಎಫ್/2ಗಿಂತ ಹೆಚ್ಚು ಮಸುಕು ಕೊಡುತ್ತದೆ. ಇದನ್ನು ತಿಳಿಯದೆ ಮಸುಕಿಗೆಂದೇ 40 ಕೊಂಡವರು ನಿರಾಶರಾಗುತ್ತಾರೆ. ಅದನ್ನು ಕೊಳ್ಳಬೇಕಾದದ್ದು ಬೆಳಕಿಗೆ, ಚಿಕ್ಕ ಗಾತ್ರಕ್ಕೆ.

120ರ ಆಚೆಗೆ ಲೆನ್ಸ್ ಇಲ್ಲದಿರುವುದು ಅಂದುಕೊಂಡಷ್ಟು ಕಾಡುವುದಿಲ್ಲ. ಚಿತ್ರದ ನಡುಭಾಗ ಮಾತ್ರ ಉಳಿಸುವ ಡಿಎಕ್ಸ್ ಕ್ರಾಪ್‌ನಲ್ಲಿ 180ರ ನೋಟ ಸಿಗುತ್ತದೆ. 24 ಮೆಗಾಪಿಕ್ಸೆಲ್ ಬಾಡಿಯಲ್ಲಿ ಸುಮಾರು 10, 45 ಮೆಗಾಪಿಕ್ಸೆಲ್‌ನದರಲ್ಲಿ ಸುಮಾರು 19 ಉಳಿಯುತ್ತದೆ. ಹಕ್ಕಿಗಳಿಗೆ ಇದು ಏನೇನೂ ಸಾಲದು, ಆದರೆ ಅವಕ್ಕೆ 200 ಕೂಡ ಸಾಲದು. 24ಕ್ಕಿಂತ ಅಗಲ ಬೇಕೆನಿಸಿದಾಗ ಕ್ಯಾಮೆರಾ ಉದ್ದುದ್ದ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ನಾಲ್ಕೈದು ಫ್ರೇಮ್ ತೆಗೆದು ಜೋಡಿಸಬಹುದು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮೊದಲೇ ಲಾಕ್ ಮಾಡಿ. ಹತ್ತಿರದಲ್ಲಿ ಕಂಬ, ರೇಲಿಂಗ್ ಇದ್ದರೆ ಜೋಡಣೆ ಮುರಿಯುತ್ತದೆ, ಜನ ಓಡಾಡುತ್ತಿದ್ದರೂ ಅಷ್ಟೇ. ಕಟ್ಟಡ, ಒಳಾಂಗಣ ಕೆಲಸ ನಿತ್ಯ ಇರುವವರು ಈ ಸರ್ಕಸ್ ಬಿಟ್ಟು 485 ಗ್ರಾಂನ 14-30 ಎಫ್/4 ಕೊಳ್ಳುವುದೇ ಸರಿ.

ಫಿಲ್ಟರ್ ಅಳತೆ 24-120, 40, 85ಕ್ಕೆ ಕ್ರಮವಾಗಿ 77, 52, 67 ಎಂಎಂ. ಪೋಲರೈಸರ್ (ಪ್ರತಿಫಲನ ಕಳೆಯುವ ಫಿಲ್ಟರ್) 77ರದು ಒಂದೇ ಕೊಂಡು, ಉಳಿದೆರಡಕ್ಕೆ ಅಳತೆ ಹೊಂದಿಸುವ ಸ್ಟೆಪ್-ಅಪ್ ರಿಂಗ್ ಹಾಕಿದರೆ ಸಾಕು. ರಿಂಗ್ ಇದ್ದಾಗ 85ರ ಹುಡ್ ಕೂರುವುದಿಲ್ಲ, ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, 24ರಲ್ಲಿ ನೀಲಿ ಆಕಾಶ ಒಂದು ಕಡೆ ಕಡುವಾಗಿ ಪಟ್ಟೆ ಬೀಳುತ್ತದೆ. ಅಲ್ಯೂಮಿನಿಯಂ ರಿಂಗ್ ಬಿಗಿದುಕೊಂಡರೆ ಬೆರಳಿಂದ ಎರಡು ಕಡೆ ಹಿಚುಕಬೇಡಿ. ರಿಂಗ್ ಅಂಡಾಕಾರವಾಗಿ ಇನ್ನೂ ಬಿಗಿಯುತ್ತದೆ. ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ, ಇಡೀ ಅಂಚನ್ನು ಸಮವಾಗಿ ಹಿಡಿದು, ಮೆಲ್ಲಗೆ ತಿರುಗಿಸಿದರೆ ಬರುತ್ತದೆ.

ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ, ಹಾಕಬೇಕಾದ ಲೆನ್ಸಿನ ಹಿಂದಿನ ಕ್ಯಾಪ್ ಮೊದಲೇ ಸಡಿಲಿಸಿರಲಿ. ಧೂಳು ನೋಡಲು ಎಫ್/16ರಲ್ಲಿ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆಯಿರಿ. ಕಂಡ ಚುಕ್ಕೆಗೆ ರಬ್ಬರ್ ಬ್ಲೋವರ್ ಸಾಕು, ಬಾಯಿಂದ ಮಾತ್ರ ಊದಬೇಡಿ, ಎಂಜಲು ಹನಿ ಸೆನ್ಸರ್ ಮೇಲೆ ಅಂಟುತ್ತದೆ. ಬಳಸದ ಲೆನ್ಸ್‌ಗೆ ಫಂಗಸ್ ಅಪಾಯ ಹೆಚ್ಚು: ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಪುಟ್ಟ ತೇವಾಂಶ ಮಾಪಕ ಇಟ್ಟು 40ರಿಂದ 50 ಶೇಕಡಾ ಒಳಗೆ ಕಾಪಾಡಿ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ.

ಹೊಸದಾಗಲಿ ಹಳೆಯದಾಗಲಿ, ಕೈಗೆ ಬಂದ ದಿನವೇ ಪರೀಕ್ಷಿಸಿ. ಹಿಂದಿನಿಂದ ಟಾರ್ಚ್ ಹಿಡಿದು ಒಳಗೆ ನೋಡಿದರೆ ಫಂಗಸ್ ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಒಂದೆರಡು ಧೂಳಿನ ಕಣ ಚಿತ್ರಕ್ಕೆ ಏನೂ ಮಾಡುವುದಿಲ್ಲ. ಬಳಿಕ ಟ್ರೈಪಾಡ್ ಮೇಲೆ, 24ರಲ್ಲೊಮ್ಮೆ 120ರಲ್ಲೊಮ್ಮೆ, ಎಫ್/4ರಲ್ಲಿ ದೂರದ ಒಂದೇ ವಸ್ತುವನ್ನು ನಾಲ್ಕು ಮೂಲೆಗಳಲ್ಲಿ ಸರದಿಯಂತೆ ಇಟ್ಟು ತೆಗೆಯಿರಿ. ಫೋಕಸ್ ನಡುವಿನಲ್ಲಿ ಹಿಡಿದು, ಮತ್ತೆ ಬದಲಿಸಬೇಡಿ. ನಾಲ್ಕೂ ಮೂಲೆ ಒಂದೇ ಅಳತೆಯಲ್ಲಿ ಮೆದುವಾಗಿದ್ದರೆ ಅದು ವಿನ್ಯಾಸದ ಸ್ವಭಾವ. ಒಂದು ಮೂಲೆ ಮಾತ್ರ ಎಫ್/8ರಲ್ಲೂ ಮಬ್ಬಾಗಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ. ವಾಪಸಾತಿ ಅವಧಿ ಮುಗಿಯುವ ಮೊದಲು ಬದಲಿಸಿಕೊಳ್ಳಿ.