ಕೋಲಾರದ ಕೆಂಪು ಮಣ್ಣಿಗೆ ಬಾಡಿಗೆ ಚಿಸೆಲ್ ನೇಗಿಲು

ಕೋಲಾರ ತಾಲ್ಲೂಕಿನ ಬಾಡಿಗೆ ಯಂತ್ರ ಕೇಂದ್ರವೊಂದರಿಂದ ಬೇಸಿಗೆಯಲ್ಲಿ, ಗಟ್ಟಿ ನೆಲವನ್ನು ಆಳಕ್ಕೆ ಬಿರಿಸುವ ಚಿಸೆಲ್ ನೇಗಿಲು ತರಿಸಿ, ರಾಗಿ ಬೆಳೆಯುವ ಹೊಲದಲ್ಲಿ ಉಳುಮೆ ಮಾಡಿಸಿದೆ. ನೇಗಿಲಿನ ಬಗ್ಗೆ ನನಗೆ ದೂರಿಲ್ಲ. ಕೇಂದ್ರದವರು ಅದರೊಂದಿಗೆ ಕೊಡುವ ಸಲಹೆಯ ಬಗ್ಗೆ ಇದೆ.

ತಿರುಗುವ ಅಲಗುಗಳಿಂದ ಮಣ್ಣನ್ನು ಪುಡಿ ಮಾಡುವ ರೋಟವೇಟರನ್ನು ವರ್ಷಗಟ್ಟಲೆ ಹೊಡೆದ ಹೊಲದಲ್ಲಿ ಮೇಲಿನ ನಾಲ್ಕೈದು ಅಂಗುಲ ಮಣ್ಣು ಹಿಟ್ಟಿನಂತೆ ಪುಡಿಯಾಗಿ, ಅದರ ಕೆಳಗೆ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಮಳೆನೀರನ್ನು ಕೆಳಗಿಳಿಸಿ ಬೇರಿಗೆ ಗಾಳಿಯಾಡಿಸುವ ದೊಡ್ಡ ರಂಧ್ರಗಳು ಮೊದಲು ನಾಶವಾಗುವುದು ಆ ಪದರದಲ್ಲಿಯೇ. ಎರೆ (ಕಪ್ಪು ಮಣ್ಣಿನ) ಭೂಮಿಯಾದರೆ ಒಣಗಿದಾಗ ಬಿರಿದು, ನೆನೆದಾಗ ಉಬ್ಬಿ, ಇಂಥ ಪದರವನ್ನು ಸ್ವಲ್ಪ ಮಟ್ಟಿಗೆ ತಾನೇ ಒಡೆದುಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣಿನ ಜೇಡಿಯಲ್ಲಿ ಬಹುಪಾಲು ಕೇಯೊಲಿನೈಟ್ ಎಂಬ, ಅಷ್ಟಾಗಿ ಉಬ್ಬದ ಖನಿಜ ಇರುವುದರಿಂದ ಅದಕ್ಕೆ ಆ ಗುಣವಿಲ್ಲ, ಹಾಗಾಗಿ ಹೊರಗಿನಿಂದ ಒಡೆಯುವ ಉಪಕರಣ ಇಲ್ಲಿ ನಿಜಕ್ಕೂ ಬೇಕು.

ಚಿಸೆಲ್ ಮಣ್ಣನ್ನು ಮಗುಚದೆ, ಒಂದೂಕಾಲು ಅಡಿಯಷ್ಟು ಆಳದವರೆಗೆ ಬಿರುಕು ಬಿಡಿಸುತ್ತದೆ. ಆದರೆ ನೆಲ ಒಣಗಿರಬೇಕು. ಹಸಿಯಿದ್ದರೆ ಪದರ ಸಿಡಿಯದೆ ಬರಿಯ ಸೀಳು ಮೂಡಿ, ಸೀಳಿನ ಗೋಡೆ ಮೆತ್ತಿಕೊಂಡು ಇದ್ದ ರಂಧ್ರಗಳೂ ಮುಚ್ಚುತ್ತವೆ. ಕೇಂದ್ರದವರು ಮಳೆ ಬಿದ್ದ ಮರುದಿನವೂ ಬುಕಿಂಗ್ ತೆಗೆದುಕೊಳ್ಳುತ್ತಾರೆ! ಬಾಡಿಗೆ ಎಕರೆ ಲೆಕ್ಕದ್ದಾದ್ದರಿಂದ ಚಾಲಕನಿಗೂ ಬೇಗ ಮುಗಿಸುವ ಆತುರ. ಸಾಲುಗಳ ಅಂತರ ಎರಡಡಿ ದಾಟಿದರೆ ನಡುವಿನ ಪದರ ಹಾಗೆಯೇ ಉಳಿಯುತ್ತದೆ, ಪಕ್ಕದಲ್ಲಿ ನಿಂತೇ ಮಾಡಿಸಬೇಕು.

ನನ್ನ ಮುಖ್ಯ ತಕರಾರು, ಚಿಸೆಲ್ ಆದ ಮೇಲೆ ಎರಡು ಸುತ್ತು ರೋಟವೇಟರ್ ಹೊಡೆಸಿ ಎಂಬ ಅವರ ಮಾತಿನ ಮೇಲೆ. (ಅದೂ ಅವರ ಬಾಡಿಗೆಯ ಯಂತ್ರವೇ.) ಸಾವಯವ ಇಂಗಾಲ ಕಡಿಮೆಯಿರುವ ನಮ್ಮ ಮಣ್ಣಿನಲ್ಲಿ ಕಣಗಳು ಅಂಟಿಕೊಂಡು ಆದ ಹರಳುಗಳು ಜೋರು ಮಳೆಗೆ ಬೇಗ ಕರಗುತ್ತವೆ. ಅವನ್ನು ಇನ್ನಷ್ಟು ಪುಡಿ ಮಾಡಿದರೆ ಆ ನುಣುಪು ಮಣ್ಣು ಹೊಸ ಬಿರುಕುಗಳಿಗೆ ಇಳಿದು ತುಂಬಿಕೊಳ್ಳುತ್ತದೆ, ಮೇಲ್ಮೈ ಹಕ್ಕಳೆಗಟ್ಟಿ ರಾಗಿಯ ಮೊಳಕೆ ಏಳಲು ಒದ್ದಾಡುತ್ತದೆ. ಯಂತ್ರ ಬಿಡಿಸಿದ ಬಿರುಕು ಬಾಳಬೇಕಾದರೆ ಕೊಟ್ಟಿಗೆ ಗೊಬ್ಬರವೂ ಆಳಕ್ಕಿಳಿಯುವ ಬೇರೂ ಬೇಕು. ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಹಾಕುವ ನಮ್ಮ ಕಡೆಯ ಪದ್ಧತಿಯಲ್ಲಿ ತೊಗರಿಯ ತಾಯಿಬೇರು ಕೊಳೆತ ಮೇಲೂ ನೀರಿಳಿಯುವ ಕೊಳವೆಯಾಗಿ ಉಳಿಯುತ್ತದೆ. ಹೊಲಕ್ಕೆ ಹಾಕುವ ಕೆರೆಗೋಡು (ಕೆರೆಯ ಹೂಳು) ನೀರು ಹಿಡಿದಿಡುವ ಸಣ್ಣ ರಂಧ್ರಗಳನ್ನು ಹೆಚ್ಚಿಸುತ್ತದೆ, ಗಟ್ಟಿ ಪದರಕ್ಕೆ ಮದ್ದಲ್ಲ.

ಬಾಡಿಗೆಗೆ ಕರೆಯುವ ಮೊದಲು, ಮಳೆಗೆ ನೆನೆದು ಹದಕ್ಕೆ ಬಂದ ಹೊಲದಲ್ಲಿ ಕಬ್ಬಿಣದ ಸರಳು ಚುಚ್ಚಿ ನೋಡಬೇಕು. ಅರ್ಧ ಅಡಿಯ ಆಸುಪಾಸಿನಲ್ಲಿ ಎಲ್ಲೆಡೆ ತಡೆದರೆ, ನೆಲ ಒಣಗಿದ ಮೇಲೆ ಚಿಸೆಲ್ ತರಿಸಬಹುದು. ಸಲೀಸಾಗಿ ಇಳಿದರೆ ಆ ಹಣವನ್ನು ಗೊಬ್ಬರಕ್ಕೆ ಹಾಕುವುದು ಮೇಲು. ಮಾವಿನ ತೋಟದವರು ಬುಡದ ಹತ್ತಿರ ಈ ನೇಗಿಲನ್ನು ಬಿಡಬಾರದು, ಬೇರು ಕತ್ತರಿಸುತ್ತದೆ.