ಹಳೆ ಆಕ್ಟೇವಿಯಾ ಆರ್‌ಎಸ್ ಮಿಸ್ಸಿಂಗ್: ಸಾವಿರ ರೂಪಾಯಿ ಒಳಗಿನ ಸ್ಕ್ಯಾನರ್ ಎಷ್ಟು ಕೆಲಸಕ್ಕೆ ಬರುತ್ತೆ?

ದಾವಣಗೆರೆ ಬಿಟ್ಟು ಬಾತಿ ಗುಡ್ಡದ ಏರು ಹತ್ತುವಾಗ, ಬೂಸ್ಟ್ (ಟರ್ಬೊ ಒತ್ತುವ ಗಾಳಿ) ಕಟ್ಟುವ ಹೊತ್ತಿಗೆ ಸರಿಯಾಗಿ ಗಾಡಿ ಜರ್ಕ್ ಹೊಡೆಯುತ್ತೆ, ಚೆಕ್ ಎಂಜಿನ್ ಲೈಟ್ ಮಿಣುಕುತ್ತೆ. ಮಿಸ್ಸಿಂಗ್ ಅಂದರೆ ಇದೇ, ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೋಗುವುದು. 1.8 ಟರ್ಬೊ ಎಂಜಿನ್ನಿನ ಹಳೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಾಯಿಲೆ. ಅಂದಾಜಿನ ಮೇಲೆ ಮೊದಲು ಕಾಯಿಲ್ (ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ), ಆಮೇಲೆ ಪ್ಲಗ್, ಅದಾದ ಮೇಲೆ ಪಂಪ್ ಅಂತ ಬದಲಾಯಿಸುತ್ತಾ ಹೋದರೆ ಖರ್ಚಿಗೆ ಕೊನೆಯಿಲ್ಲ. ಅದಕ್ಕೆ ಮುಂಚೆ, ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಚುಚ್ಚಿ ಫೋನಿನ ಆ್ಯಪ್‌ನಲ್ಲಿ ದೋಷದ ಕೋಡ್ ಓದುವ ಇಎಲ್‌ಎಂ 327 ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತಗೊಳ್ಳಬಹುದಾ? ತಗೊಳ್ಳಬಹುದು, ಆದರೆ ನೋಡಿ ಆರಿಸಬೇಕು.

ಈ ಕಾರು ಹೊಸ ಗಾಡಿಗಳ ಹಾಗೆ ಕ್ಯಾನ್ ಬಸ್ಸಿನಲ್ಲಿ ಅಲ್ಲ, ಹಳೆ ಕೆ-ಲೈನಿನಲ್ಲಿ ಮಾತಾಡುತ್ತೆ. ಎರಡೂ ಸ್ಕ್ಯಾನರಿಗೂ ಕಾರಿನ ಕಂಪ್ಯೂಟರಿಗೂ ನಡುವಿನ ಸಂಪರ್ಕದ ದಾರಿಗಳು. ಅಗ್ಗದ ನಕಲುಗಳಲ್ಲಿ, ಅದರಲ್ಲೂ ‘2.1’ ಅಂತ ಬರೆದ ಬಹಳಷ್ಟರಲ್ಲಿ, ಕೆ-ಲೈನ್ ನೆಟ್ಟಗೆ ಕೆಲಸ ಮಾಡಲ್ಲ. ಪಕ್ಕದ ಹೊಸ ಕಾರಿಗೆ ತಕ್ಷಣ ಸೇರುವ ಸ್ಕ್ಯಾನರ್ ಇಲ್ಲಿ ‘ಇಸಿಯು (ಎಂಜಿನ್ ಕಂಪ್ಯೂಟರ್) ಸಿಗುತ್ತಿಲ್ಲ’ ಅಂದರೆ ಕಾರನ್ನು ಬೈಯಬೇಡಿ. ಕೆ-ಲೈನ್ ನಿಧಾನ ಕೂಡ. ಆ್ಯಪ್‌ನಲ್ಲಿ ಹತ್ತು ಮೀಟರ್ ಇಟ್ಟುಕೊಂಡರೆ ಒಂದೂ ಹೊತ್ತಿಗೆ ಸರಿಯಾಗಿ ತೋರಿಸಲ್ಲ. ಆರ್‌ಪಿಎಂ, ಎರಡು ಫ್ಯೂಯಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ಆ ಕ್ಷಣದ್ದು ಮತ್ತು ದೀರ್ಘಾವಧಿಯದು), ಏರ್‌ಫ್ಲೋ (ಎಂಜಿನ್ನಿಗೆ ಹೋಗುವ ಗಾಳಿ), ಇಷ್ಟೇ ಸಾಕು.

ಕೋಡ್ ಸಿಕ್ಕ ತಕ್ಷಣ ಅಳಿಸುವುದು ಎಲ್ಲರೂ ಮಾಡುವ ತಪ್ಪು. ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ದಾಖಲೆ) ಸಿಕ್ಕರೆ ಮೊದಲು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಿಸ್ ಹೊಡೆದಾಗ ಎಂಜಿನ್ ತಣ್ಣಗಿತ್ತಾ, ಲೋಡ್ ಎಷ್ಟಿತ್ತು ಅನ್ನೋದು ಅಲ್ಲಿರುತ್ತೆ. ಮಿಸ್ ಹೊಡೆದಾಗ ಬರುವ ಪಿ0301ರಿಂದ ಪಿ0304ರವರೆಗಿನ ಕೋಡುಗಳ ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ಒಂದನೆಯದು ಟೈಮಿಂಗ್ ಬೆಲ್ಟ್ ಬದಿಯದು, ಅಂದರೆ ನಮ್ಮ ಗಾಡಿಗಳಲ್ಲಿ ಡ್ರೈವರ್ ಕಡೆ. ಪಿ0302 ಬಂದಿದ್ದರೆ ಎರಡನೆಯದರ ಕಾಯಿಲನ್ನು ನಾಲ್ಕಕ್ಕೆ, ನಾಲ್ಕನೆಯದನ್ನು ಎರಡಕ್ಕೆ ಹಾಕಿ, ಈಗ ಕೋಡ್ ಅಳಿಸಿ ಓಡಿಸಿ. ಪಿ0304 ಆಗಿ ಬಂದರೆ ಕಾಯಿಲ್ ಸತ್ತಿದೆ. ಕದಲದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಹೀಗೇ ಒಂದೊಂದಾಗಿ ಅದಲುಬದಲು ಮಾಡಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯಲ್ಲ. ವಯಸ್ಸಾದ ಕಾಯಿಲ್ ಕನೆಕ್ಟರಿನ ಲಾಕ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಎಂಜಿನ್ ತಣ್ಣಗಾದ ಮೇಲೆ, ವೈರ್ ಹಿಡಿದು ಎಳೆಯದೆ ಬಿಚ್ಚಿ.

ಕಾಯಿಲ್ ಎತ್ತಿದಾಗ ರಬ್ಬರ್ ಬೂಟಿಗೆ ಎಣ್ಣೆ ಮೆತ್ತಿದ್ದರೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಹೊಸ ಕಾಯಿಲ್ ಹಾಕಿದರೂ ಅದೇ ಗತಿ. ಪ್ಲಗ್ ಗ್ಯಾಪನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ, 0.8 ಮಿ.ಮೀ. ಆಸುಪಾಸು ಇರಬೇಕು. ಸವೆದು 1 ಮಿ.ಮೀ. ದಾಟಿದರೆ ಐಡಲ್‌ನಲ್ಲಿ ಏನೂ ಗೊತ್ತಾಗಲ್ಲ. ಬೂಸ್ಟ್ ಬಂದಾಗ ಒತ್ತಿದ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಅಲ್ಲಿ ಸೋಲುತ್ತೆ. ಏರಿನಲ್ಲಷ್ಟೇ ಮಿಸ್ ಹೊಡೆಯುವ ಗುಟ್ಟು ಬಹಳ ಸಲ ಇದೇ. ಕೂರಿಸುವಾಗ 30 ನ್ಯೂಟನ್ ಮೀಟರ್, ತಣ್ಣಗಿನ ಹೆಡ್ಡಿಗೆ.

ಸ್ಕ್ಯಾನರಿನ ನಿಜವಾದ ಬೆಲೆ ಇರುವುದು ಫ್ಯೂಯಲ್ ಟ್ರಿಮ್‌ನಲ್ಲಿ. ಬಿಸಿಯಾದ ಎಂಜಿನ್, ಐಡಲ್‌ನಲ್ಲಿ ಎರಡೂ ಟ್ರಿಮ್ ಕೂಡಿಸಿದರೆ +15, 2,500 ಆರ್‌ಪಿಎಂಗೆ ಏರಿಸಿದಾಗ +3ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್ (ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಸೇರುವುದು) ಅನ್ನಿ. ಮ್ಯಾನಿಫೋಲ್ಡಿನ ಕೆಳಗೆ ಕಣ್ಣಿಗೆ ಬೀಳದ ಬ್ರೀದರ್ ಪೈಪುಗಳು ಎಣ್ಣೆ ಕುಡಿದು ಮೆತ್ತಗಾಗಿ ಬಿರುಕು ಬಿಟ್ಟಿರುತ್ತವೆ. ಉಲ್ಟಾ ಆಗಿ ಲೋಡ್ ಹೆಚ್ಚಿದಂತೆ ಪ್ಲಸ್ ಬೆಳೆದರೆ ಫಿಲ್ಟರ್, ಪಂಪ್, ಇಲ್ಲವೇ ಧೂಳು ಕೂತ ಏರ್‌ಫ್ಲೋ ಸೆನ್ಸರ್ ನೋಡಿ. ಐಡಲ್‌ನಲ್ಲಿ ಸೆಕೆಂಡಿಗೆ 2ರಿಂದ 4.5 ಗ್ರಾಂ ಗಾಳಿ ತೋರಿಸಬೇಕು. ಟರ್ಬೊ ಮತ್ತು ಥ್ರಾಟಲ್ ನಡುವಿನ ಪೈಪ್ ಸೋರಿದರೆ ಅಳೆದ ಗಾಳಿ ಹೊರಗೆ ಹೋಗಿ ಪೆಟ್ರೋಲ್ ಜಾಸ್ತಿಯಾಗುತ್ತೆ: ಕಪ್ಪು ಹೊಗೆ, ಪಿಕಪ್ ಇಲ್ಲ. ಇದನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲೇ ಹಿಡಿಯಬಹುದು. ಟರ್ಬೊ ಇನ್‌ಲೆಟ್ ಪೈಪಿಗೆ ಟ್ಯೂಬಿನ ವಾಲ್ವ್ ಕೂರಿಸಿದ ಪಿವಿಸಿ ಕ್ಯಾಪ್ ಬಿಗಿದು, ಅರ್ಧ ಬಾರ್ ದಾಟದಂತೆ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿ. ನೊರೆ ಎದ್ದ ಜಾಗವೇ ಕಳ್ಳ.

ಯಾವ ಸಿಲಿಂಡರ್ ಎಷ್ಟು ಸಲ ಮಿಸ್ ಹೊಡೆಯಿತು ಅನ್ನುವ ಲೈವ್ ಎಣಿಕೆಯನ್ನು ಮಾತ್ರ ಈ ಸ್ಕ್ಯಾನರ್ ಈ ಕಾರಿನಲ್ಲಿ ಕೊಡಲ್ಲ. ಅದಕ್ಕೆ ಕಾರಿಗೂ ಲ್ಯಾಪ್‌ಟಾಪಿಗೂ ಸೇರಿಸುವ ಕೆಕೆಎಲ್ 409.1 ಕೇಬಲ್, ವಿಂಡೋಸ್ ಲ್ಯಾಪ್‌ಟಾಪ್, ಫೋಕ್ಸ್‌ವ್ಯಾಗನ್-ಸ್ಕೋಡಾ ಗಾಡಿಗಳ ವಿಸಿಡಿಎಸ್ ಲೈಟ್ ಸಾಫ್ಟ್‌ವೇರ್ ಬೇಕು. ಅದರ ಮೆಷರಿಂಗ್ ಬ್ಲಾಕ್ (ಲೈವ್ ಅಳತೆಗಳ ಗುಂಪು) 15ರಲ್ಲಿ ಒಂದರಿಂದ ಮೂರನೆಯವರೆಗಿನ ಸಿಲಿಂಡರುಗಳ ಎಣಿಕೆ, 16ರಲ್ಲಿ ನಾಲ್ಕನೆಯದು ಸಿಗುತ್ತೆ. ಓಡಿಸುವವರು ಒಬ್ಬರು, ಲ್ಯಾಪ್‌ಟಾಪ್ ನೋಡುವವರು ಇನ್ನೊಬ್ಬರು. ಚಿತ್ರದುರ್ಗದ ಕಡೆ ಹೈವೇ ಏರಿನಲ್ಲಿ ಮೂರನೇ ಗೇರ್, 2,000ದಿಂದ 3,500 ಆರ್‌ಪಿಎಂ. ಲೈಟ್ ಮಿಣುಕಿದರೆ ಕಾಲು ತೆಗೆಯಿರಿ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಕರಗಿಸಿಬಿಡುತ್ತೆ.

ಯಾವ ಸ್ಕ್ಯಾನರೂ ನೇರವಾಗಿ ಹೇಳದ್ದು ಇಲಿ ಕಡಿದ ವೈರು. ಮೆಕ್ಕೆಜೋಳದ ಗೋದಾಮಿನ ಸುತ್ತಮುತ್ತ ನಿಲ್ಲುವ ಗಾಡಿಯಾದರೆ ಕಾಯಿಲ್ ಕೊಳ್ಳುವ ಮೊದಲು ಇಂಜೆಕ್ಟರ್ ವೈರಿಂಗನ್ನು ಟಾರ್ಚ್ ಹಿಡಿದು ನೋಡಿ. ಎಲ್ಲ ಅದಲುಬದಲಾದರೂ ಕೋಡ್ ಅದೇ ಸಿಲಿಂಡರಿನಲ್ಲಿ ಕೂತಿದ್ದರೆ ಕಂಪ್ರೆಶನ್ ಟೆಸ್ಟ್. ಸಿಲಿಂಡರುಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಹೆಡ್ ಬಿಚ್ಚುವ ಕೆಲಸ.

ಎರಡರಲ್ಲಿ ಒಂದೇ ತಗೊಳ್ಳೋದಾದರೆ, ಲ್ಯಾಪ್‌ಟಾಪ್ ಇದ್ದವರು ಕೇಬಲ್ ತಗೊಳ್ಳಿ. ಬ್ಲೂಟೂತ್‌ನದನ್ನೇ ತಗೊಂಡರೆ ರಾತ್ರಿ ಸಾಕೆಟ್ಟಿನಲ್ಲಿ ಬಿಡಬೇಡಿ, ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಕುಡಿಯುತ್ತೆ.