ಪಂಚಾಂಗ ನೋಡದ ಸೋಲಾರ್ ಸಲಹೆ: ನಮ್ಮ ಕಲ್ಯಾಣ ಮಂಟಪದ ಅನುಭವ (5ಕ್ಕೆ 3.5)

ಶಿವಮೊಗ್ಗದ ಹತ್ತಿರ ನಮ್ಮ ಸಂಘದ ಒಂದು ಕಲ್ಯಾಣ ಮಂಟಪ ಇದೆ. ನಾನು ಅದರ ಖಜಾಂಚಿ, ಅಂದ್ರೆ ಮೆಸ್ಕಾಂ ಕರೆಂಟ್ ಬಿಲ್ ಬಂದ ದಿನ ಎಲ್ಲರ ಹತ್ತಿರ ಬೈಸಿಕೊಳ್ಳುವವನು. ಸೋಲಾರ್, ಇವಿ ಚಾರ್ಜಿಂಗ್, ಕಟ್ಟಡದಲ್ಲಿ ಕರೆಂಟ್ ಉಳಿತಾಯ, ಎಲ್ಲಕ್ಕೂ ಸಂಘ ಸಂಸ್ಥೆಗಳಿಗೆ ಸಲಹೆ ಕೊಡುವ ಒಂದು ಕಂಪನಿಗೆ ದುಡ್ಡು ಕೊಟ್ಟು ಆಡಿಟ್ ಮಾಡಿಸಿದೆವು. ಕಂಪನಿ ಹೆಸರು ಬೇಡ, ಸುಮ್ನೆ ಯಾಕೆ ಜಗಳ.

ಒಳ್ಳೇದು ಮೊದಲು ಹೇಳಿಬಿಡ್ತೀನಿ. ಬಂದ ಇಂಜಿನಿಯರ್ ಹುಡುಗ ಚುರುಕು. ಎರಡು ದಿನ ಕ್ಲ್ಯಾಂಪ್ ಮೀಟರ್ (ವೈರಲ್ಲಿ ಎಷ್ಟು ಕರೆಂಟ್ ಹರಿಯುತ್ತೆ ಅಂತ ಅಳೆಯೋದು) ಹಿಡಿದು ಎಲ್ಲ ಬೋರ್ಡ್ ಬಿಚ್ಚಿ ನೋಡಿದ. 64 ಫ್ಯಾನ್ ಇವೆ ಅಂತ ನಮಗೇ ಗೊತ್ತಿರಲಿಲ್ಲ, ಅವನೇ ಎಣಿಸಿದ್ದು. ಎಲ್ಲ ಹಳೇವು, ಒಂದೊಂದು 75 ವ್ಯಾಟ್ ಎಳೆಯುತ್ತೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಆದರೆ 30ರ ಆಸುಪಾಸು ಸಾಕು. ಊಟದ ಹಾಲ್‌ಗೆ ಎಸಿ ಹಾಕಿಸಲೇಬೇಕು ಅಂತ ಅಧ್ಯಕ್ಷರು ಹಟ ಹಿಡಿದಿದ್ದರು. ಹುಡುಗ ಮಧ್ಯಾಹ್ನ ಹಾಲ್‌ನ ಚಾವಣಿ ಶೀಟಿನ ಕೆಳಗೆ ಐದು ನಿಮಿಷ ನಿಂತ, ಅಂಗಿ ಒದ್ದೆಯಾಯ್ತು. "ಸರ್, ಮೊದಲು ಶೀಟ್ ಮೇಲೆ ಬಿಳಿ ಪೇಂಟ್ ಹೊಡೆಸಿ, ಎಸಿ ಮಾತು ಆಮೇಲೆ" ಅಂದ. ಹೊಡೆಸಿದೆವು. ಬಡಿಸುವವರೇ ವ್ಯತ್ಯಾಸ ಹೇಳಿದರು, ಅಧ್ಯಕ್ಷರು ಎಸಿ ಸುದ್ದಿ ಎತ್ತಿಲ್ಲ.

ಎಡವಟ್ಟಾಗಿದ್ದು ರಿಪೋರ್ಟ್‌ನಲ್ಲಿ. ಚಾವಣಿ ಮೇಲೆ 30 ಕಿಲೋವ್ಯಾಟ್ ಸೋಲಾರ್ ಹಾಕಿ ಅಂತ ಬರೆದಿದ್ದರು. ನಾವು ದಿನಾ ಒಂದೇ ಸಮ ಕರೆಂಟ್ ಉರಿಸುತ್ತೇವೆ ಅನ್ನೋ ಲೆಕ್ಕ! ಮದುವೆ ಮನೆ ಹಾಗೆ ನಡೆಯುತ್ತಾ? ಮುಹೂರ್ತ ಇದ್ದ ದಿನ ಮೀಟರ್ ಗಿರಗಿರ ತಿರುಗುತ್ತೆ, ಅದರಲ್ಲೂ ರಿಸೆಪ್ಷನ್ ರಾತ್ರಿ, ಸೂರ್ಯ ಮುಳುಗಿದ ಮೇಲೆ. ಇಲ್ಲದ ದಿನ ವಾಚ್‌ಮನ್ ರೂಮಿನ ಬಲ್ಬ್ ಒಂದೇ. ಆಷಾಢ ಬಂದರೆ ತಿಂಗಳಿಡೀ ಬೀಗ, ಹೊರಗೆ ಜಡಿಮಳೆ, ಆಗ ಬಿಸಿಲೂ ಇಲ್ಲ ಮದುವೆಯೂ ಇಲ್ಲ. ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ, ಅಂದ್ರೆ ಮೆಸ್ಕಾಂ ಲೈನಿಗೆ, ಕೊಡಬಹುದು ನಿಜ, ಆದರೆ ಅದಕ್ಕೆ ಸಿಗುವ ದರ ನಾವು ಯೂನಿಟ್‌ಗೆ ಕಟ್ಟುವುದಕ್ಕಿಂತ ಕಡಿಮೆ. ಬುಕಿಂಗ್ ಡೈರಿಯ ಫೋಟೋ ಕಳಿಸಿ, ಫೋನಲ್ಲಿ ಒಂದು ಸಂಜೆ ಪೂರ್ತಿ ಕೂತು ತಿದ್ದಿಸಿದೆ. 30 ಇದ್ದದ್ದು 10ಕ್ಕೆ ಇಳಿಯಿತು. ಈ ಕೆಲಸಕ್ಕೆ ಅವರೇ ನನಗೆ ಫೀಸ್ ಕೊಡಬೇಕಿತ್ತು ಅಲ್ವಾ?

ಸಬ್ಸಿಡಿ ಬರುತ್ತೆ ಅಂತ ಮೊದಲ ಫೋನ್‌ನಲ್ಲೇ ಆಸೆ ಹುಟ್ಟಿಸಿದ್ದರು. ಬರಲ್ಲ. ಕೇಂದ್ರ ಸರ್ಕಾರದ ಸೋಲಾರ್ ಸಬ್ಸಿಡಿ ಯೋಜನೆ ಪಿಎಂ ಸೂರ್ಯಘರ್ ಇರೋದು ವಾಸದ ಮನೆಗಳಿಗೆ, ವಸತಿ ಸಂಘಗಳಿಗೆ. ಮಂಟಪದ್ದು ಕಮರ್ಷಿಯಲ್ ಸಂಪರ್ಕ.

ಇನ್ನೊಂದು, ನಾನಾಗಿ ಕೇಳಿದ ಮೇಲೆ ಬಾಯಿ ಬಿಟ್ಟಿದ್ದು: ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಕರೆಂಟ್ ಹೋದರೆ ತಾನೂ ಆಫ್ ಆಗುತ್ತೆ. ಕಂಬದ ಮೇಲೆ ಲೈನ್‌ಮನ್ ಇದ್ದರೆ ಶಾಕ್ ಹೊಡೀಬಾರದಲ್ಲ, ಅದಕ್ಕೆ. ಸರಿಯಾದದ್ದೇ. ಆದರೆ ಸೋಲಾರ್ ಬಂದ ಮೇಲೆ ಡೀಸೆಲ್ ಜನರೇಟರ್ ಮಾರಿಬಿಡೋಣ ಅಂತ ಗಿರಾಕಿ ಹುಡುಕುತ್ತಿದ್ದ ನಮಗೆ ಮೊದಲೇ ಹೇಳಬಾರದಾ? ಮಾಂಗಲ್ಯಧಾರಣೆ ಹೊತ್ತಿಗೆ ಮೈಕ್ ನಿಂತಿದ್ದರೆ ಹೆಣ್ಣಿನ ಕಡೆಯವರು ನನ್ನನ್ನೇ ಹಿಡಿಯುತ್ತಿದ್ದರು.

ಕಾರಿಗೆ ಫಾಸ್ಟ್ ಚಾರ್ಜರ್ ಹಾಕಿ ಅಂದಿದ್ದನ್ನು ಸದ್ಯಕ್ಕೆ ಬಿಟ್ಟೆವು. ಸ್ಕೂಟರ್‌ಗಳಿಗೆ ಅಂತ ಪಾರ್ಕಿಂಗ್‌ನಲ್ಲಿ ನಾಲ್ಕು ಸಾಕೆಟ್ ಕೊಟ್ಟಿದ್ದೇವೆ. ಬಚ್ಚಲಿಗೆ ಸೋಲಾರ್ ವಾಟರ್ ಹೀಟರ್ ಬರುತ್ತೆ, ಆದರೆ ಅಡಿಕೆ ಸಿಪ್ಪೆ ಉರಿಸುವ ಹಂಡೆ ಒಲೆ ತೆಗೆಯಲು ಅಡುಗೆ ಭಟ್ಟರು ಬಿಡಲಿಲ್ಲ. ಮಳೆಗಾಲದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬೀಗರಿಗೆ ಸ್ನಾನಕ್ಕೆ ಬಿಸಿನೀರು ಯಾರು ಕೊಡ್ತಾರೆ ಅಂತ ಕೇಳಿದರು. ಕಂಪನಿಯವರ ಹತ್ತಿರ ಉತ್ತರ ಇರಲಿಲ್ಲ.

ಇಷ್ಟೆಲ್ಲ ಆದಮೇಲೂ ಪ್ಯಾನಲ್ ಕೂರಿಸುವ ಕೆಲಸದ ಉಸ್ತುವಾರಿ ಅವರಿಗೇ ಕೊಟ್ಟಿದ್ದೇವೆ, ಆ ಹುಡುಗನ ಮುಖ ನೋಡಿ. ಮೊನ್ನೆ ಅವನೇ ಫೋನ್ ಮಾಡಿದ್ದ: "ಸರ್, ಪಿತೃಪಕ್ಷದಲ್ಲಿ ಮಂಟಪ ಖಾಲಿ ಇರುತ್ತಲ್ವಾ, ಆಗ ಶುರು ಮಾಡೋಣವಾ?"